ಚೀನೀ ದೆವ್ವಗಳು ಹೆದರಿಸೋಕೆ ಬರ್ತವಾ, ಅರ್ಜಿ ಕೊಡೋಕೆ ಬರ್ತವಾ?

ಹಳೇಪುಸ್ತಕ

ಭಯಾನಕ ಸಿನಿಮಾಗಳ ಚರ್ಚೆಯಲ್ಲಿ ಚೀನಾ ಮಾತು ಬಂದಾಗಲೆಲ್ಲ "ಅವೇ ಕೈ ಮುಂದೆ ಚಾಚಿಕೊಂಡು ಕುಪ್ಪಳಿಸೋ ಹೆಣಗಳು ತಾನೇ" ಅಂತ ಯಾರಾದರೂ ಹೇಳ್ತಾರೆ, ಅಲ್ಲಿಗೆ ಮಾತು ಮುಗಿಯುತ್ತೆ. ಆ ಹೆಣಗಳನ್ನ ಲೋಕಕ್ಕೆಲ್ಲ ಪರಿಚಯಿಸಿದ್ದು 1980ರ ದಶಕದ ಹಾಂಗ್‌ಕಾಂಗ್ ಸಿನಿಮಾ. ಅದರ ಹಿಂದೆ ಸಾವಿರದೈನೂರು ವರ್ಷಕ್ಕೂ ಹೆಚ್ಚಿನ ಬರವಣಿಗೆ ಇದೆ. ಅದರ ಬಗ್ಗೆ ಮಾತಾಡೋಣ ಅಂತ ಈ ಎಳೆ.

ನನ್ನ ವಾದ ಮೊದಲೇ ಹೇಳಿಬಿಡ್ತೇನೆ, ಆಮೇಲೆ ಜಗಳ ಆಡೋಣ. ಚೀನಾದಲ್ಲಿ ದೆವ್ವದ ಕಥೆ ಪುಸ್ತಕಕ್ಕೆ ಬಂದದ್ದು ವರದಿಯಾಗಿ. ಇಂಥ ಊರು, ಇಂಥವರ ಮಗ, ಇಂಥ ದೊರೆಯ ಕಾಲ, ನನಗೆ ಹೇಳಿದವರು ಇಂಥವರು. 3ರಿಂದ 6ನೇ ಶತಮಾನದ ನಡುವೆ ಇಂಥ ಸಂಗ್ರಹಗಳು ರಾಶಿ ರಾಶಿ ಬಂದವು. 'ಜಿಗ್ವಾಯ್' ಅಂತಾರೆ, ವಿಚಿತ್ರಗಳ ದಾಖಲೆ ಅಂದುಕೊಳ್ಳಿ. ಬಹಳ ಹೆಸರಾದದ್ದು 4ನೇ ಶತಮಾನದ ಗಾನ್ ಬಾವ್ ಮಾಡಿದ ಸಂಗ್ರಹ, 'ಸೋಶೆನ್ ಜೀ'. ಈತ ಪೂರ್ವ ಜಿನ್ ಆಸ್ಥಾನದ ಇತಿಹಾಸಕಾರ. ರಾಜವಂಶದ ಚರಿತ್ರೆ ಬರೆದ ಕೈಯೇ ದೆವ್ವಗಳದ್ದನ್ನೂ ಬರೆಯಿತು.

ಈ ಕೆಲಸಕ್ಕೆ ಯಾಕೆ ಕೈ ಹಾಕಿದ ಅನ್ನೋದಕ್ಕೆ ಜಿನ್ ವಂಶದ ಅಧಿಕೃತ ಚರಿತ್ರೆಯಲ್ಲೇ ಒಂದು ಕಾರಣ ಸಿಗುತ್ತೆ. ಅವನ ಅಪ್ಪನಿಗೆ ಮನೆಯ ದಾಸಿಯೊಬ್ಬಳ ಮೇಲೆ ಮನಸ್ಸಿತ್ತು. ಅಪ್ಪ ಸತ್ತಾಗ ಅಮ್ಮ ಹೊಟ್ಟೆಕಿಚ್ಚಿಗೆ ಅವಳನ್ನ ಜೀವಂತವಾಗಿ ಸಮಾಧಿಯೊಳಗೆ ತಳ್ಳಿಬಿಟ್ಟಳು. ಹತ್ತು ವರ್ಷ ದಾಟಿದ ಮೇಲೆ ಅಮ್ಮನೂ ತೀರಿಕೊಂಡಳು, ಜೊತೆಗೆ ಹೂಳೋಣ ಅಂತ ಸಮಾಧಿ ತೆರೆದರೆ ಆ ಹೆಣ್ಣು ಶವಪೆಟ್ಟಿಗೆಯ ಮೇಲೆ ಬದುಕಿದ್ದವಳ ಹಾಗೇ ಮಲಗಿದ್ದಾಳೆ. ಮನೆಗೆ ತಂದಮೇಲೆ ಉಸಿರು ಬಂತು. ನಿಮ್ಮಪ್ಪ ಊಟ ತಂದುಕೊಡ್ತಿದ್ರು ಅಂದಳು. ಮುಂದೆ ಮದುವೆಯಾಗಿ ಮಗುವನ್ನೂ ಹೆತ್ತಳು. ಅಷ್ಟೇ. ಅಮ್ಮ ಮಾಡಿದ ಕೆಲಸಕ್ಕೆ ಒಂದು ಅಯ್ಯೋ ಕೂಡ ಇಲ್ಲ. ಗಾಳಿ ಬೀಸಲಿಲ್ಲ, ನಾಯಿ ಊಳಿಡಲಿಲ್ಲ. ನನಗೆ ಭಯ ಹುಟ್ಟಿಸೋದು ಈ ಒಣ ದನಿ. ಆ ಕಾಲದ ಒಬ್ಬ ಪಂಡಿತ ಗಾನ್ ಬಾವ್‌ನನ್ನ 'ದೆವ್ವಗಳ ದೋಂಗ್ ಹೂ' ಅಂತ ಕರೆದನಂತೆ. ದೋಂಗ್ ಹೂ ಅಂದರೆ ಮಂತ್ರಿಗೂ ಹೆದರದೆ ಇದ್ದದ್ದನ್ನ ಇದ್ದ ಹಾಗೆ ಬರೆದ ಪ್ರಾಚೀನ ಚರಿತ್ರಕಾರ. ಹೊಗಳಿದ್ದೋ ಕಾಲೆಳೆದದ್ದೋ, ಎರಡೂ ಇರಬಹುದು.

ರಾತ್ರಿಪಾಳಿ

ಸರ್, ಇತಿಹಾಸ ಎಲ್ಲ ಸರಿ. ಆದ್ರೆ ಓದಿದ್ರೆ ಹೆದರಿಕೆ ಆಗುತ್ತಾ ಇಲ್ವಾ, ಅದನ್ನ ಹೇಳಿ. ನಾನು ಇಂಗ್ಲಿಷ್ ಅನುವಾದದಲ್ಲಿ ಒಂದಷ್ಟು ಓದಿದ್ದೀನಿ. ಒಬ್ಬ ಬಡ ಹುಡುಗ ಪಾಳು ದೇವಸ್ಥಾನದಲ್ಲಿ ಓದ್ತಾ ಕೂತಿರ್ತಾನೆ, ರಾತ್ರಿ ಚೆಂದದ ಹುಡುಗಿ ಬರ್ತಾಳೆ, ಅವಳು ದೆವ್ವ ಇಲ್ಲಾ ಹುಡುಗಿ ರೂಪ ತಾಳಿದ ನರಿ. ಮದುವೆ ಆಗ್ತಾರೆ. ಅವಳು ಅಡುಗೆ ಮಾಡ್ತಾಳೆ, ಅತ್ತೆ ಸೇವೆ ಮಾಡ್ತಾಳೆ, ಇವನು ಸರ್ಕಾರಿ ಹುದ್ದೆಯ ಪರೀಕ್ಷೆ ಪಾಸ್ ಆಗ್ತಾನೆ. ಇದು ದೆವ್ವದ ಕಥೆನಾ, ಮ್ಯಾಟ್ರಿಮೋನಿ ಜಾಹೀರಾತಾ?

ಧಾರವಾಡದ_ಮಳಿ

ರಾತ್ರಿಪಾಳಿಯವರ, ಅಂಜಿಸೂ ಕಥಿ ಇರಲಿ, ನಗಸೂ ದೆವ್ವದ ಕಥಿನೂ ಅವರ ಹಂತ್ಯಾಕ ಭಾಳ ಅದಾವ. ಅದೂ ಇದ ಗಾನ್ ಬಾವ್‌ನ ಪುಸ್ತಕದಾಗ ಐತಿ, ಕೇಳ್ರಿ.

ನಾನ್ಯಾಂಗ್ ಕಡೆ ಸೋಂಗ್ ದಿಂಗ್‌ಬೋ ಅನ್ನೂ ಹುಡುಗ ರಾತ್ರಿ ಹೊಂಟಿದ್ದ. ದಾರ್ಯಾಗ ದೆವ್ವ ಭೆಟ್ಟಿ ಆತು. ನೀ ಯಾರಪಾ ಅಂದ್ರ "ನಾನೂ ದೆವ್ವನ" ಅಂತ ಬಿಟ್ಟ. ಇಬ್ಬರೂ ಪ್ಯಾಟಿಗೇ ಹೊಂಟಾರ. ನಡದು ಸಾಕಾತು, ಪಾಳಿ ಮ್ಯಾಲ ಒಬ್ಬರನ್ನೊಬ್ಬರು ಹೊತಗೊಂಡು ಹೋಗೂಣು ಅಂತ ದೆವ್ವನ ಹೇಳ್ತು. ಇವನ್ನ ಹೊತ್ತ ಮ್ಯಾಲ ಅದಕ್ಕ ಸಂಶೆ ಬಂತು. "ಏನೋ ಇಷ್ಟ ವಜ್ಜಾ ಅದಿ, ನೀ ದೆವ್ವ ಹೌದಲ್ಲೋ?" ಇಂವ ಅಂದ, "ಹೊಸದಾಗಿ ಸತ್ತೇನಿ, ಅದಕ್ಕ." ಹೊಳಿ ದಾಟುವಾಗ ದೆವ್ವ ಸಪ್ಪಳಿಲ್ಲದ ಹೋತು, ಇಂವ ಬಳಬಳ ಅಂತ ಹೋದ. ಮತ್ತ ಸಂಶೆ. "ಹೊಸಾ ದೆವ್ವ ನೋಡಪಾ, ಇನ್ನಾ ರೂಢಿ ಆಗಿಲ್ಲ." ಆಮ್ಯಾಲ ಸಾವಕಾಶ ಕೇಳ್ಯಾನ, "ನಮ್ಮಂಥಾವರು ಯಾತಕ್ಕ ಅಂಜಬೇಕು ಹೇಳು, ನನಗ ಗೊತ್ತಿಲ್ಲ." ಮನಷ್ಯಾರ ಉಗುಳೊಂದಕ್ಕ ಅಂಜಬೇಕು ಅಂತ ಪಾಪ ಅದು ಹೇಳೇಬಿಡ್ತು. ಪ್ಯಾಟಿ ಹತ್ರ ಬಂದ ಕೂಡಲೆ ಅದನ್ನ ಹೆಗಲ ಮ್ಯಾಲ ಗಟ್ಟಿ ಹಿಡಕೊಂಡು ಓಡ್ಯಾನ. ಇಳಿಸಿದ್ರ ಅದು ಕುರಿ ಆತು. ಮತ್ತ ರೂಪ ಬದಲಿ ಮಾಡಬಾರದು ಅಂತ ಅದರ ಮ್ಯಾಲ ಉಗುಳಿ, 1,500 ನಾಣ್ಯಕ್ಕ ಮಾರಿ ಮನಿಗೆ ಹೋದ.

ಮಾರಿದ ರೊಕ್ಕದ ಲೆಕ್ಕಾನೂ ಬರದಾರ ನೋಡ್ರಿ. ಹಳೇಪುಸ್ತಕ ಸರ್ ಹೇಳಿದ ವರದಿ ಅಂದ್ರ ಇದ.

ರಾತ್ರಿಪಾಳಿ

ಹೊಸದಾಗಿ ಸತ್ತೇನಿ ಅಂತೆ 😂 ಸರಿ, ಇದು ಚೆನ್ನಾಗಿದೆ. ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ.

ಹಳೇಪುಸ್ತಕ

ಇದೆ, ತಗೊಳ್ಳಿ. ಯುವಾನ್ ಮೇಯ್ ಅಂತ 18ನೇ ಶತಮಾನದ ದೊಡ್ಡ ಕವಿ, ಭೋಜನಪ್ರಿಯ, ಅಡುಗೆ ಪುಸ್ತಕವನ್ನೂ ಬರೆದವನು. ಅವನ ದೆವ್ವದ ಸಂಗ್ರಹದ ಹೆಸರೇ 'ಗುರುಗಳು ಮಾತಾಡದ ವಿಷಯಗಳು' ಅಂತ. ವಿಚಿತ್ರ, ಬಲಪ್ರಯೋಗ, ದಂಗೆ, ದೇವತೆಗಳು, ಈ ನಾಲ್ಕರ ಬಗ್ಗೆ ಕನ್ಫ್ಯೂಷಿಯಸ್ ಮಾತಾಡ್ತಿರಲಿಲ್ಲ ಅಂತ ಅವನ ಶಿಷ್ಯರು ಬರೆದಿಟ್ಟ ಗ್ರಂಥದಲ್ಲಿದೆ. ಓದಿದ ಅಧಿಕಾರಿ ವರ್ಗಕ್ಕೆ ದೆವ್ವದ ಕಥೆ ಅಂದರೆ ಗುರುಗಳಿಗೆ ಕಾಣದ ಹಾಗೆ ಸೇದೋ ಬೀಡಿ. ಯುವಾನ್ ಮೇಯ್ ಅದನ್ನ ಗುರುಗಳ ಮುಂದೆಯೇ ಹಚ್ಚಿದ.

ಅದರೊಳಗಿನ ಒಂದು ಕಥೆ. ನಾನ್‌ಚಾಂಗ್‌ನ ಇಬ್ಬರು ಗೆಳೆಯರು ಒಂದು ಬೌದ್ಧ ಮಠದಲ್ಲಿ ಇದ್ದುಕೊಂಡು ಪರೀಕ್ಷೆಗೆ ಓದ್ತಿರ್ತಾರೆ. ಒಬ್ಬ ದೊಡ್ಡವನು, ಇನ್ನೊಬ್ಬ ಚಿಕ್ಕವನು. ದೊಡ್ಡವನು ಊರಿಗೆ ಹೋದವನು ಇದ್ದಕ್ಕಿದ್ದ ಹಾಗೆ ತೀರಿಕೊಳ್ತಾನೆ. ಚಿಕ್ಕವನಿಗೆ ಸುದ್ದಿ ಗೊತ್ತಿಲ್ಲ. ಒಂದು ರಾತ್ರಿ ದೊಡ್ಡವನು ಬಾಗಿಲು ತಳ್ಳಿಕೊಂಡು ಬಂದು ಹಾಸಿಗೆ ಮೇಲೆ ಕೂತು, ಬೆನ್ನು ಸವರುತ್ತಾ ಹೇಳ್ತಾನೆ: ನಾನು ಸತ್ತುಹೋದೆ, ಈಗ ದೆವ್ವ, ಗೆಳೆತನ ಬಿಡಲಾಗದೆ ಹೇಳಿ ಹೋಗೋಣ ಅಂತ ಬಂದೆ. ಚಿಕ್ಕವನಿಗೆ ಮಾತೇ ಹೊರಡಲ್ಲ. ದೊಡ್ಡವನೇ ಸಮಾಧಾನ ಮಾಡ್ತಾನೆ. ನಿನಗೆ ಕೇಡು ಮಾಡೋದಿದ್ದರೆ ನಿಜ ಹೇಳ್ತಿದ್ದೆನಾ? ಆಮೇಲೆ ಬಂದ ಕೆಲಸ ಹೇಳ್ತಾನೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಹೆಂಡತಿಗೆ ಮೂವತ್ತಾಗಿಲ್ಲ, ಅವರಿಗೆ ಕಾಳುಕಡ್ಡಿ ನೋಡಿಕೋ. ನನ್ನ ಹಸ್ತಪ್ರತಿ ಅಚ್ಚಾಗಿಲ್ಲ, ಅಚ್ಚು ಮಾಡಿಸು. ಕುಂಚ ಮಾರೋವನಿಗೆ ಕೆಲವು ಸಾವಿರ ನಾಣ್ಯ ಬಾಕಿ ಇದೆ, ತೀರಿಸು.

ಚಿಕ್ಕವನು ಎಲ್ಲದಕ್ಕೂ ಹೂಂ ಅಂತಾನೆ. ದೊಡ್ಡವನು ಹೊರಡೋಕೆ ಎದ್ದಾಗ, ಇಷ್ಟು ಹೊತ್ತೂ ಮನುಷ್ಯನ ಹಾಗೇ ಮಾತಾಡಿದ್ದಾನೆ, ಮುಖವೂ ಬದುಕಿದ್ದಾಗಿನ ಹಾಗೇ ಇದೆ ಅಂತ ಇವನಿಗೆ ಮರುಕ ಬಂದು, ಇನ್ನೊಂದು ಸ್ವಲ್ಪ ಹೊತ್ತು ಕೂತು ಹೋಗು ಅಂತ ಕೈ ಹಿಡಿದು ತಡೀತಾನೆ. ಇಬ್ಬರೂ ಅಳ್ತಾರೆ. ಮತ್ತೆ ಕೂತು ಅದೂ ಇದೂ ಮಾತು. ಕೊನೆಗೆ ದೊಡ್ಡವನು ಎದ್ದು, "ಇನ್ನು ಹೊರಟೆ" ಅಂತಾನೆ.

ಹೊರಡಲ್ಲ. ನಿಂತೇ ಇರ್ತಾನೆ. ಕಣ್ಣು ಮಿಟುಕಿಸದೆ ನೋಡ್ತಾ ನಿಂತಿದ್ದಾನೆ. ನೋಡ್ತಾ ನೋಡ್ತಾ ಮುಖ ವಿಕಾರವಾಗಿ ಕೊಳೀತಾ ಬರುತ್ತೆ. "ಹೇಳೋದೆಲ್ಲ ಆಯ್ತಲ್ಲ, ಹೊರಡು" ಅಂತಾನೆ ಚಿಕ್ಕವನು. ಅದು ಕದಲಲ್ಲ. ಹಾಸಿಗೆ ಬಡಿದು ಕೂಗಿದರೂ ಕದಲಲ್ಲ. ಇವನು ಎದ್ದು ಓಡಿದರೆ ಅದೂ ಓಡಿತು. ಇವನು ಜೋರಾಗಿ ಓಡಿದರೆ ಅದೂ ಜೋರಾಗಿ. ಕೊನೆಗೆ ಒಂದು ಗೋಡೆ ಹತ್ತಿ ಆಚೆಗೆ ಬಿದ್ದು ಎಚ್ಚರ ತಪ್ಪಿದ. ಹೆಣಕ್ಕೆ ಗೋಡೆ ದಾಟೋಕೆ ಆಗಲಿಲ್ಲ. ತಲೆ ಮಾತ್ರ ಗೋಡೆಯಿಂದ ಈಚೆಗೆ ಬಾಗಿ, ಅದರ ಜೊಲ್ಲು ತೊಟ್ಟು ತೊಟ್ಟಾಗಿ ಇವನ ಮುಖದ ಮೇಲೆ ಬೀಳ್ತಿತ್ತು.

ಚೀನೀಯರ ಪ್ರಕಾರ ಮನುಷ್ಯನಲ್ಲಿ ಎರಡು ಥರದ ಜೀವ: ಹುನ್ ಮತ್ತು ಪೋ. ಹುನ್ ಹಗುರ, ಸತ್ತಾಗ ಮೇಲಕ್ಕೆ ಹೋಗುತ್ತೆ. ಪೋ ಭಾರ, ದೇಹದ ಜೊತೆ ಉಳಿಯುತ್ತೆ. ಈ ಕಥೆಯ ಕೊನೆಗೆ ತಿಳಿದವರೊಬ್ಬರು ಹೇಳೋ ವಿವರಣೆ ಬರುತ್ತೆ. ಹುನ್ ಒಳ್ಳೇದು, ಅದಕ್ಕೆ ಬುದ್ಧಿ ಇದೆ. ಪೋ ಕೆಟ್ಟದ್ದು, ಅದಕ್ಕೆ ಬುದ್ಧಿ ಇಲ್ಲ. ಬಂದಾಗ ಹುನ್ ಇತ್ತು, ಪೋ ಅದರ ಜೊತೆಗೆ ಬಂತು. ಹೇಳಬೇಕಾದ್ದೆಲ್ಲ ಹೇಳಿ ಮನಸ್ಸು ಹಗುರವಾದ ಕೂಡಲೇ ಹುನ್ ಹೊರಟುಹೋಯಿತು, ಪೋ ನಿಂತುಬಿಟ್ಟಿತು. ಅಂದರೆ "ಹೊರಟೆ" ಅಂದವನು ನಿಜಕ್ಕೂ ಹೊರಟಿದ್ದ. ಅವನ ಸಾಲ, ಅವನ ಅಮ್ಮ, ಅವನ ಪುಸ್ತಕ ಇರೋತನಕ ಅವನು ಗೆಳೆಯ. ಅದು ಮುಗಿದ ಮೇಲೆ ಎದುರಿಗೆ ನಿಂತಿದ್ದು ಯಾರೂ ಅಲ್ಲ. ನಮಗೆ ಅಭ್ಯಾಸ ಇರೋ ದೆವ್ವದ ಕಥೆಗಳಲ್ಲಿ ಆಸೆ ತೀರಿದರೆ ದೆವ್ವಕ್ಕೆ ಮುಕ್ತಿ, ನಮಗೆ ನೆಮ್ಮದಿ. ಇಲ್ಲಿ ತೀರಿದ ಕ್ಷಣದಿಂದ ಭಯ ಶುರು.

ರಾತ್ರಿಪಾಳಿ

ಆಫೀಸಲ್ಲಿ ಈ ಮಹಡಿಗೆಲ್ಲ ನಾನೊಬ್ಬನೇ ಇದ್ದೀನಿ ಸರ್. ಆ ಗೋಡೆ ವಿಷಯ ನಾಳೆ ಬೆಳಿಗ್ಗೆ ಹಾಕಬಹುದಿತ್ತು.

ನಿರ್ವಾಹಕ

'ನಾಳೆ ಬಾ', ಮೋಹಿನಿ, ಹುಣಸೆಮರದ ಅನುಭವಗಳಿಗೆ ಬೇರೆ ಎಳೆ ಇದೆ. ಇಲ್ಲಿ ಬಂದಿದ್ದ ಅಂಥ ಕಾಮೆಂಟ್‌ಗಳನ್ನ ಅಲ್ಲಿಗೆ ಸರಿಸಿದ್ದೇನೆ. ವಿಷಯದ ಮೇಲೆ ಇರಿ.

ರಂಗದ_ಹಿಂದೆ

ಹಳೇಪುಸ್ತಕ ಅವರ ವರದಿ ವಾದ ಅರ್ಧ ಒಪ್ಪುತ್ತೇನೆ. ವರದಿ ಬರೆದವರು ಗಂಡಸರು, ಓದಿದವರು, ಕುರ್ಚಿ ಮೇಲೆ ಕೂತವರು. ಅವರಿಗೆ ದೆವ್ವ ಒಂದು ಕುತೂಹಲ. ರಂಗದ ಮೇಲೆ ಬಂದ ದೆವ್ವದ ಕಥೆಯೇ ಬೇರೆ. ಅಲ್ಲಿ ಅದು ಅನ್ಯಾಯ ಕೇಳೋಕೆ ಬರುತ್ತೆ.

ಗುವಾನ್ ಹಾನ್‌ಚಿಂಗ್ 13ನೇ ಶತಮಾನದಲ್ಲಿ, ಮಂಗೋಲರ ಆಳ್ವಿಕೆಯಲ್ಲಿ ಬರೆದ ದೋ-ಅ ನಾಟಕ ನೋಡಿ. ಅಪ್ಪ ಬಡ ವಿದ್ವಾಂಸ, ಸಾಲಕ್ಕೆ ಬದಲು ಏಳು ವರ್ಷದ ಮಗಳನ್ನ ಒಬ್ಬ ವಿಧವೆಯ ಮನೆಗೆ ಸೊಸೆಯಾಗಿ ಬಿಟ್ಟು ಪರೀಕ್ಷೆ ಬರೆಯೋಕೆ ರಾಜಧಾನಿಗೆ ಹೋಗ್ತಾನೆ. ದೋ-ಅ ಅನ್ನೋ ಆ ಹುಡುಗಿ ದೊಡ್ಡವಳಾಗಿ, ಗಂಡ ಸತ್ತು, ಯಾರೋ ಮಾಡಿದ ವಿಷದ ಕೊಲೆ ಅವಳ ತಲೆಗೆ ಬರುತ್ತೆ. ತನ್ನನ್ನ ಹೊಡೆದಾಗ ಒಪ್ಪಿಕೊಳ್ಳದವಳು, ಅತ್ತೆಗೆ ಹೊಡೀತಾರೆ ಅಂದಾಗ ಒಪ್ಪಿಕೊಳ್ತಾಳೆ. ಕತ್ತು ಕಡಿಯೋ ಮುಂಚೆ ಮೂರು ಮಾತು ಹೇಳ್ತಾಳೆ. ನಾನು ನಿರಪರಾಧಿ ಆಗಿದ್ದರೆ ರಕ್ತ ನೆಲಕ್ಕೆ ಬೀಳದೆ ಮೇಲೆ ಕಟ್ಟಿರೋ ಬಿಳಿ ರೇಷ್ಮೆಗೆ ಹಾರಲಿ, ನಡು ಬೇಸಿಗೆಯಲ್ಲಿ ಹಿಮ ಬೀಳಲಿ, ಈ ಊರಿಗೆ ಮೂರು ವರ್ಷ ಮಳೆ ಬಾರದಿರಲಿ. ಮೂರೂ ಆಗುತ್ತೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಅದೊಂದು ಪವಾಡದ ನಾಟಕ. ಮುಂದಿನ ಅಂಕ ನನಗೆ ಪ್ರಾಣ. ಅಪ್ಪ ಈಗ ದೊಡ್ಡ ಅಧಿಕಾರಿ, ಹಳೇ ತೀರ್ಪುಗಳ ತಪಾಸಣೆಗೆ ಅದೇ ಊರಿಗೆ ಬಂದಿದ್ದಾನೆ. ರಾತ್ರಿ ದೀಪದ ಬೆಳಕಲ್ಲಿ ಕಡತ ಓದ್ತಿದ್ದಾನೆ. ಮೊದಲ ಕಡತದಲ್ಲೇ ತನ್ನದೇ ಮನೆತನದ ಹೆಸರಿನ ಹೆಂಗಸು ವಿಷ ಹಾಕಿ ಕೊಂದ ಪ್ರಕರಣ. ಮುಗಿದ ಕೇಸು ಅಂತ ಅಡಿಗೆ ಹಾಕ್ತಾನೆ. ದೀಪ ಮಂಕಾಗುತ್ತೆ. ಬತ್ತಿ ಸರಿಮಾಡಿ ತಿರುಗಿದರೆ ಅದೇ ಕಡತ ಮೇಲಿದೆ. ಮತ್ತೆ ಅಡಿಗೆ ಹಾಕ್ತಾನೆ, ಮತ್ತೆ ಮೇಲೆ ಬರುತ್ತೆ. ಮಗಳ ದೆವ್ವ ಅಪ್ಪನ ಕತ್ತು ಹಿಸುಕಲ್ಲ, ಕನಸಲ್ಲಿ ಕಿರುಚಲ್ಲ. ಫೈಲು ಮೇಲಕ್ಕೆ ತಂದಿಡುತ್ತೆ. ಸರ್ಕಾರಿ ಕಚೇರಿಗೆ ಅಲೆದವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ.

ಎಳೆಯ ತಲೆಬರಹದಲ್ಲಿ 'ಅರ್ಜಿ' ಅಂತ ಇರೋದಕ್ಕೇ ಇಲ್ಲಿಗೆ ಬಂದೆ. ಅರ್ಜಿಯೇ ಹೆದರಿಕೆ, ಎರಡನ್ನ ಬೇರೆ ಮಾಡೋಕೆ ಬರಲ್ಲ ಅನ್ನೋದು ನನ್ನ ವಾದ.

ಕರಾವಳಿ_ಗಾಳಿ

ರಂಗದ_ಹಿಂದೆ ಅಕ್ಕ, ಒಳ್ಳೇ ಬರ್ದಿದ್ದೀರಿ. ನಂಗೆ ಒಂದು ಡೌಟ್. ಯಮ, ನರಕ ಎಲ್ಲ ಅಲ್ಲಿಗೂ ಹೋಗಿದೆ ಅಂತ ಕೇಳಿದ್ದೆ. ಹೌದಾ ಮಾರಾಯ್ರೆ, ಅಥ್ವಾ ವಾಟ್ಸಾಪ್ ಕಥೆಯಾ?

ಸಿಂಗಪುರದಿಂದ

ಹೌದು, ಬೌದ್ಧರ ಜೊತೆ ಹೋಗಿದೆ. ಯಮ ಅಲ್ಲಿ ಯೆನ್‌ಲುವೋ. ರಾಕ್ಷಸ ಲುವೋಛಾ. ಬೌದ್ಧರ ಅತಿ ಘೋರ ನರಕ ಅವೀಚಿಯ ಹೆಸರೂ ಅಲ್ಲಿ ಸ್ವಲ್ಪ ಬದಲಾಗಿ ಉಳಿದಿದೆ. ಆದರೆ ಅಲ್ಲಿ ಹೋದಮೇಲೆ ಯಮನಿಗೆ ಹಿಂಬಡ್ತಿ ಆಗಿದೆ. ಮೊದಲು ಇಡೀ ಪಾತಾಳಕ್ಕೆ ದೊರೆ, ಟಾಂಗ್ ರಾಜವಂಶದ ಕಾಲದ ಕೊನೆ ಹೊತ್ತಿಗೆ ಹತ್ತು ನ್ಯಾಯಾಧೀಶರಲ್ಲಿ ಒಬ್ಬ, ಐದನೇ ಕೋರ್ಟು ಅವನದ್ದು. ಸತ್ತವರು ಒಂದೊಂದೇ ಕೋರ್ಟು ದಾಟಿಕೊಂಡು ಹೋಗಬೇಕು. ಗುಮಾಸ್ತರು, ದಫ್ತರು, ಲಂಚ, ಹೆಸರು ತಪ್ಪಾಗಿ ಬೇರೆಯವನ ಜೀವ ಎಳಕೊಂಡು ಹೋಗೋದು, ಎಲ್ಲ ಇದೆ.

ಚೀನಾದ ದುನ್‌ಹುವಾಂಗ್ ಬೌದ್ಧ ಗುಹೆಯಲ್ಲಿ ಸಿಕ್ಕ ಹಸ್ತಪ್ರತಿಗಳಲ್ಲಿ ಮುಲಿಯೆನ್ ಕಥೆ ಇದೆ. ಮುಲಿಯೆನ್ ಅಂದರೆ ಬುದ್ಧನ ಶಿಷ್ಯ ಮೌದ್ಗಲ್ಯಾಯನ. ಅಮ್ಮ ಸತ್ತು ಎಲ್ಲಿ ಹೋದಳು ಅಂತ ಹುಡುಕ್ತಾ ಹೋಗ್ತಾನೆ. ಯಮನ ಹತ್ತಿರ ಕೇಳಿದರೆ ದಫ್ತರದವರನ್ನ ಕರೆಸಿ ಕೇಳ್ತಾನೆ, ಅವರು ಇನ್ನೊಬ್ಬ ಅಧಿಕಾರಿಯ ಕಡೆ ಕಳಿಸ್ತಾರೆ. ನರಕದಿಂದ ನರಕಕ್ಕೆ ಹೋಗಿ ಕೊನೆಗೆ ಅವೀಚಿಯಲ್ಲಿ ಮೈಗೆಲ್ಲ 49 ಮೊಳೆ ಹೊಡೆಸಿಕೊಂಡು ಮಲಗಿರೋ ಅಮ್ಮ ಸಿಗ್ತಾಳೆ. ಅಲ್ಲಿಂದ ಬಿಡಿಸಿದರೆ ಹಸಿದ ಪ್ರೇತವಾಗ್ತಾಳೆ, ಬಾಯಿಗೆ ಇಟ್ಟ ಅನ್ನ ಬೆಂಕಿ ಆಗುತ್ತೆ. ಅದರಿಂದಲೂ ಬಿಡಿಸಿದರೆ ರಾಜಗೃಹದಲ್ಲಿ ಕರೀ ನಾಯಿಯಾಗಿ ಹುಟ್ತಾಳೆ. ಆಮೇಲಷ್ಟೇ ಬಿಡುಗಡೆ.

ಏಳನೇ ತಿಂಗಳ ಹುಣ್ಣಿಮೆಗೆ ಸತ್ತವರಿಗೆಲ್ಲ ಊಟ ಇಡೋ ಹಬ್ಬಕ್ಕೆ ಈ ಕಥೆಯೇ ಆಧಾರ. ಇಲ್ಲಿ ಸಿಂಗಪುರದಲ್ಲಿ ಆ ತಿಂಗಳಿಡೀ ಅಪಾರ್ಟ್‌ಮೆಂಟ್ ಬ್ಲಾಕ್‌ಗಳ ಕೆಳಗೆ ಲೋಹದ ಡ್ರಮ್‌ಗಳಲ್ಲಿ ಕಾಗದದ ದುಡ್ಡು ಸುಡ್ತಾರೆ. ಕಾಗದದ ಬಟ್ಟೆ, ಕಾಗದದ ಮನೆ, ಕಾಗದದ ಮೊಬೈಲ್ ಫೋನ್ ಕೂಡ. ಬಯಲಲ್ಲಿ ಚಪ್ಪರ ಹಾಕಿ 'ಗೆತಾಯ್' ಅಂತ ಹಾಡು-ಕುಣಿತದ ಕಾರ್ಯಕ್ರಮ ಇಡ್ತಾರೆ, ಮುಂದಿನ ಸಾಲು ಕುರ್ಚಿ ಖಾಲಿ. ಅದು ಸತ್ತವರಿಗೆ. ಹೊಸದಾಗಿ ಬಂದ ನಮ್ಮೂರ ಹುಡುಗನೊಬ್ಬ ಜಾಗ ಸಿಕ್ತು ಅಂತ ಹೋಗಿ ಕೂತಿದ್ದ. ಯಾರೂ ಬೈಯಲಿಲ್ಲ, ಒಬ್ಬ ಅಜ್ಜಿ ಬಂದು ಮೆತ್ತಗೆ ತೋಳು ಹಿಡಿದು ಎಬ್ಬಿಸಿದರು.

ಅದಕ್ಕೇ ನನಗೆ ಅನ್ನಿಸೋದು, ಅವರಿಗೆ ದೆವ್ವ ಅಂದರೆ ಕೆಟ್ಟದ್ದು ಅಂತಲ್ಲ. ನೋಡಿಕೊಳ್ಳೋ ಮಕ್ಕಳಿಲ್ಲದ್ದು. ಯಾರೂ ಎಡೆ ಇಡದ ಸತ್ತವರೇ ಅಪಾಯ.

ಹಳೇಪುಸ್ತಕ

ಸಿಂಗಪುರದವರು ಹೇಳಿದ ದಫ್ತರು, ರಂಗದ_ಹಿಂದೆ ಹೇಳಿದ ಕಡತ, ಎರಡೂ ಕಥೆಗಾರ ಪೂ ಸೋಂಗ್‌ಲಿಂಗ್‌ನಲ್ಲಿ ಒಟ್ಟಿಗೆ ಸಿಗುತ್ತವೆ. ರಾತ್ರಿಪಾಳಿ ಅವರು ಮ್ಯಾಟ್ರಿಮೋನಿ ಅಂದದ್ದು ಈತನ 'ಲಿಯಾವ್‌ಜಾಯ್' ಕಥೆಗಳನ್ನೇ ಇರಬೇಕು.

1640ರಲ್ಲಿ ಶಾನ್‌ದೋಂಗ್ ಪ್ರಾಂತ್ಯದಲ್ಲಿ ಹುಟ್ಟಿದವನು. ಹತ್ತೊಂಬತ್ತಕ್ಕೇ ಮೊದಲ ಹಂತದ ಪರೀಕ್ಷೆಯಲ್ಲಿ ಮೊದಲಿಗ. ಆಮೇಲೆ ಪ್ರಾಂತ್ಯ ಮಟ್ಟದ್ದನ್ನ ಬರೆದ, ಬರೆದ, ಜೀವಮಾನವಿಡೀ ಬರೆದ, ಪಾಸಾಗಲಿಲ್ಲ. ಒಬ್ಬ ಶ್ರೀಮಂತರ ಮನೆಯಲ್ಲಿ ಸುಮಾರು ಮೂವತ್ತು ವರ್ಷ ಮೇಷ್ಟ್ರಾಗಿದ್ದ. ಎಪ್ಪತ್ತು ದಾಟಿದ ಮೇಲೆ ಹಿರಿತನಕ್ಕೆ ಅಂತ ಒಂದು ಪದವಿ ಕೊಟ್ಟರು. 1715ರಲ್ಲಿ ತೀರಿಕೊಂಡ. ಸುಮಾರು 500 ಕಥೆಗಳ ಪುಸ್ತಕ ಹಸ್ತಪ್ರತಿಯಲ್ಲೇ ಕೈಯಿಂದ ಕೈಗೆ ಓಡಾಡಿ, ಅಚ್ಚಾದದ್ದು 1766ರಲ್ಲಿ.

ಅದರ ಮೊಟ್ಟಮೊದಲ ಕಥೆಯೇ ಒಬ್ಬ ಹಾಸಿಗೆ ಹಿಡಿದ ವಿದ್ವಾಂಸನನ್ನ ಪರಲೋಕದವರು ಬಂದು ಪರೀಕ್ಷೆಗೆ ಕರಕೊಂಡು ಹೋಗೋದು. ನಗರದೇವತೆಯ ಹುದ್ದೆ ಖಾಲಿ ಇದೆ. ಇವನು ಪಾಸಾಗ್ತಾನೆ. ಅಮ್ಮ ಬದುಕಿರೋತನಕ ಬಿಡಿ ಅಂತ ಬೇಡಿಕೊಳ್ತಾನೆ, ಅವಳ ಆಯಸ್ಸು ದಫ್ತರದಲ್ಲಿ ನೋಡಿ ಒಂಬತ್ತು ವರ್ಷ ರಜೆ ಕೊಡ್ತಾರೆ.

ಎರಡನೇ ಸಲ ಹೆದರಿಸೋಣ ಅಂತ 'ಹೆಣ ಎದ್ದದ್ದು' ಕಥೆ ಹೇಳ್ತೇನೆ, ಆದರೆ ಚಿಕ್ಕದಾಗಿ. ನಾಲ್ಕು ಜನ ಗಾಡಿಯವರು ತುಂಬಿದ ಛತ್ರಕ್ಕೆ ಬರ್ತಾರೆ. ಬೇರೆ ಜಾಗ ಇಲ್ಲ ಅಂತ, ಮಾಲೀಕನ ಸೊಸೆಯ ಹೆಣ ಇಟ್ಟಿದ್ದ ಕೋಣೆಯಲ್ಲೇ ಮಲಗಿಸ್ತಾನೆ. ಮಗ ಶವಪೆಟ್ಟಿಗೆಗೆ ಮರ ತರೋಕೆ ಹೋಗಿದ್ದಾನೆ. ನಡುರಾತ್ರಿ ಹೆಣ ಹೊದಿಕೆ ಸರಿಸಿ ಎದ್ದು, ಮಲಗಿದವರ ಮುಖದ ಮೇಲೆ ಒಬ್ಬೊಬ್ಬರಿಗೂ ಉಸಿರು ಊದುತ್ತಾ ಬರುತ್ತೆ. ಎಚ್ಚರವಿದ್ದ ನಾಲ್ಕನೆಯವನು ಹೊದಿಕೆ ಎಳಕೊಂಡು ಉಸಿರು ಬಿಗಿಹಿಡೀತಾನೆ. ಆಮೇಲೆ ಓಟ. ಬರಿಗಾಲಲ್ಲಿ ಓಡಿ ಒಂದು ಮಠದ ಬಾಗಿಲು ಬಡಿದರೆ ಒಳಗಿನ ಭಿಕ್ಷು ಅನುಮಾನಪಟ್ಟು ತೆಗೆಯಲ್ಲ. ದಪ್ಪ ಮರವೊಂದರ ಸುತ್ತ ತಪ್ಪಿಸಿಕೊಂಡು ಓಡಾಡಿ ಕೊನೆಗೆ ಬಿದ್ದುಬಿಡ್ತಾನೆ. ಹೆಣ ಮರವನ್ನೇ ತಬ್ಬಿ ಸೆಟೆದು ನಿಲ್ಲುತ್ತೆ. ಬೆಳಿಗ್ಗೆ ನೋಡಿದರೆ ಬೆರಳುಗಳು ಉಗುರು ಮುಳುಗೋಷ್ಟು ಕಾಂಡದೊಳಗೆ ಇಳಿದಿವೆ.

ಪಾಶ್ಚಾತ್ಯ ಸಿನಿಮಾ ಆಗಿದ್ದರೆ ಇಲ್ಲಿಗೆ ಪರದೆ ಕಪ್ಪಾಗ್ತಿತ್ತು. ಪೂ ಮುಂದುವರಿಸ್ತಾನೆ. ತಾಲ್ಲೂಕಿನ ಅಧಿಕಾರಿ ಬಂದು ಸ್ಥಳ ಪರಿಶೀಲನೆ ಮಾಡ್ತಾನೆ, ಛತ್ರಕ್ಕೆ ಆಳು ಕಳಿಸಿ ವಿಚಾರಿಸ್ತಾನೆ. ಉಳಿದವನು ಅಳ್ತಾ ಕೇಳ್ತಾನೆ: ಊರಿಂದ ನಾಲ್ವರು ಹೊರಟೆವು, ನಾನೊಬ್ಬನೇ ವಾಪಸ್ ಹೋದರೆ ಊರವರು ನನ್ನ ಮಾತು ನಂಬೋದು ಹೇಗೆ? ಅಧಿಕಾರಿ ಒಂದು ಪ್ರಮಾಣಪತ್ರ ಬರೆದುಕೊಟ್ಟು ಕಳಿಸ್ತಾನೆ. ಕಥೆ ಮುಗೀತು.

ಹೆಣಕ್ಕಿಂತ ಊರವರ ಅನುಮಾನ ದೊಡ್ಡ ಅಪಾಯ. ಅದಕ್ಕೆ ಔಷಧಿ ಮೊಹರು ಹಾಕಿದ ಕಾಗದ.

ರಂಗದ_ಹಿಂದೆ

ಪ್ರಮಾಣಪತ್ರ ಮುತ್ತಿನಂಥದ್ದು, ಒಪ್ಪಿದೆ. ಆದರೆ ಪೂ ಬರೀ ವರದಿ ಬರೆಯಲಿಲ್ಲ ಅನ್ನೋದಕ್ಕೆ ಅವನ ವಿರೋಧಿಯೇ ಸಾಕ್ಷಿ. ಜೀ ಯುನ್ ಅಂತ, ಚಿಯೆನ್‌ಲೋಂಗ್ ಚಕ್ರವರ್ತಿಯ ಕಾಲದ ಮಹಾಗ್ರಂಥಕೋಶದ ಮುಖ್ಯ ಸಂಪಾದಕ. ಅವನೂ 1789ರಿಂದ ಹತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ದೆವ್ವದ ಪ್ರಸಂಗ ಬರೆದ. ಪೂ ಬಗ್ಗೆ ಅವನ ತಕರಾರು: ಗಂಡು ಹೆಣ್ಣು ಏಕಾಂತದಲ್ಲಿ ಆಡಿದ ಪಿಸುಮಾತನ್ನೆಲ್ಲ ಬರೀತಾನಲ್ಲ, ಅವರೇ ಬಂದು ಹೇಳಿರೋಕೆ ಸಾಧ್ಯವಿಲ್ಲ, ಇವನು ಎಲ್ಲಿ ನಿಂತು ಕೇಳಿದ? ವರದಿಗಾರನ ದೃಷ್ಟಿಯಿಂದ ಪ್ರಶ್ನೆ ಸರಿಯೇ. ನನ್ನ ಪ್ರಕಾರ ಪೂ ಗೆದ್ದದ್ದು ಅಲ್ಲೇ.

'ಬಣ್ಣ ಬರೆದ ಚರ್ಮ' ತಗೊಳ್ಳಿ. ತಾಯ್‌ಯುವಾನ್‌ನ ವಾಂಗ್ ಬೆಳಗಿನ ಜಾವ ದಾರಿಯಲ್ಲಿ ಸಿಕ್ಕ ಹುಡುಗಿಯನ್ನ ಮನೆಗೆ ತಂದು ಬಚ್ಚಿಟ್ಟುಕೊಳ್ತಾನೆ. ಒಂದು ದಿನ ಕಿಟಕಿಯಿಂದ ಇಣುಕಿದರೆ, ಹಸಿರು ಮುಖದ, ಗರಗಸದ ಹಲ್ಲಿನ ಪಿಶಾಚಿ ಮನುಷ್ಯರ ಚರ್ಮವನ್ನ ಮಂಚದ ಮೇಲೆ ಹರಡಿಕೊಂಡು ಕುಂಚದಲ್ಲಿ ಬಣ್ಣ ಬರೀತಿದೆ. ಮುಗಿದ ಮೇಲೆ ಸೀರೆ ಕೊಡವಿ ಹೊದ್ದ ಹಾಗೆ ಹೊದ್ದುಕೊಳ್ಳುತ್ತೆ, ಹುಡುಗಿ ಆಗುತ್ತೆ. ಈ ದೃಶ್ಯ ಎಲ್ಲರಿಗೂ ಗೊತ್ತು, ಸಿನಿಮಾದವರೂ ಇದನ್ನೇ ಹಿಡೀತಾರೆ. ಅದು ಅವನ ಎದೆ ಬಗೆದು ಗುಂಡಿಗೆ ಕಿತ್ತುಕೊಂಡು ಹೋದಮೇಲಿನದ್ದು ಯಾರೂ ನೆನಪಿಟ್ಟುಕೊಳ್ಳಲ್ಲ. ಗಂಡನನ್ನ ಬದುಕಿಸೋಕೆ ಹೆಂಡತಿ ಪೇಟೆಯಲ್ಲಿ ತಿಪ್ಪೆ ಮೇಲೆ ಬಿದ್ದಿರೋ ಹುಚ್ಚು ಭಿಕ್ಷುಕನ ಕಾಲು ಹಿಡೀತಾಳೆ. ಅವನು ಕೋಲಲ್ಲಿ ಹೊಡೀತಾನೆ. ಸಂತೆಯೆಲ್ಲ ಸುತ್ತ ನಿಂತಿದೆ. ಕೈ ತುಂಬ ಕಫ ಕ್ಯಾಕರಿಸಿ, ನುಂಗು ಅಂತಾನೆ. ನುಂಗ್ತಾಳೆ. ಎದೆಯಲ್ಲಿ ಗಂಟು ಕಟ್ಟಿಕೊಂಡ ಅದೇ, ಮನೆಯಲ್ಲಿ ಹೆಣದ ಮೇಲೆ ಬಿದ್ದು ಅಳುವಾಗ ಬಾಯಿಂದ ಹೊರಬಿದ್ದು ಗಂಡನ ಗುಂಡಿಗೆ ಆಗುತ್ತೆ. ಗಂಡನ ಚಪಲಕ್ಕೆ ಹೆಂಡತಿ ಕಫ ನುಂಗಬೇಕು. ಪೂ ಕೂಡ ಕೊನೆಗೆ ತನ್ನ ಟಿಪ್ಪಣಿಯಲ್ಲಿ ಇದನ್ನೇ ಎತ್ತಿ ಹೇಳ್ತಾನೆ.

ಲುವೋಛಾ ಮಾತು ಬಂದದ್ದಕ್ಕೆ ಇನ್ನೊಂದು. ನ್ಯೇ ಶಿಯಾವ್‌ಚಿಯೆನ್ ಕಥೆಯಲ್ಲಿ ದೆವ್ವದ ಹುಡುಗಿ ಗಂಡಸರಿಗೆ ಬಂಗಾರದ ಆಸೆ ತೋರಿಸ್ತಾಳೆ. ಅದು ಬಂಗಾರ ಅಲ್ಲ, ರಾಕ್ಷಸನ ಮೂಳೆ. ಇಟ್ಟುಕೊಂಡವನ ಗುಂಡಿಗೆ ಕಿತ್ತುಬರುತ್ತೆ. 1987ರ ಹಾಂಗ್‌ಕಾಂಗ್ ಸಿನಿಮಾ ನೋಡಿದವರಿಗೆ ಇದೇ ಕಥೆ ಗೊತ್ತಿರುತ್ತೆ, ಹೆಚ್ಚು ಪ್ರೇಮ ಕಡಿಮೆ ಮೂಳೆಯ ರೂಪದಲ್ಲಿ.

ಧಾರವಾಡದ_ಮಳಿ

ಜೀ ಯುನ್ ಅಂದ್ರಲ್ಲ, ಅವನ ಪುಸ್ತಕದಾಗಿನ ಒಂದು ನನಗ ಭಾಳ ಸೇರಿತು. ಛಾವ್ ಅನ್ನಾಂವ ಗೆಳ್ಯಾನ ಮನ್ಯಾಗ ರಾತ್ರಿ ಮಲಗಿದ್ದ. ಬಾಗಲ ಸಂದ್ಯಾಗಿಂದ ಹಾಳಿಯಷ್ಟ ತೆಳ್ಳಂದು ಒಂದು ತೂರಿ ಒಳಗ ಬಂದು ಹೆಣಮಗಳು ಆತು. ಇಂವ ಅಂಜಲಿಲ್ಲ. ಕೂದಲಾ ಬಿಟ್ಟು ನಾಲಿಗಿ ಹೊರಗ ಹಾಕ್ತು. "ಕೂದಲಾ ಕೂದಲಾನ, ಸ್ವಲ್ಪ ಕೆದರೈತಿ. ನಾಲಿಗಿ ನಾಲಿಗಿನ, ಸ್ವಲ್ಪ ಉದ್ದ ಐತಿ" ಅಂದ. ತಲಿ ತಗದು ಮೇಜಿನ ಮ್ಯಾಲ ಇಟ್ಟಿತು. "ತಲಿ ಇದ್ದಾಗನ ಅಂಜಲಿಲ್ಲ, ಇಲ್ಲದಾಗ ಅಂಜತೇನೇನು?" ದೆವ್ವದ ಆಟ ಎಲ್ಲಾ ಮುಗೀತು, ಹೋತು. ಮುಂದ ಮತ್ತ ಅದ ಮನ್ಯಾಗ ಮಲಗಿದಾಗ ಮತ್ತ ಬಂತು. ಇವನ ಮಾರಿ ನೋಡಿ, ಒಳಗ ಬರದ ಹಂಗ ಹೊಳ್ಳಿ ಹೋತು.

ರಾತ್ರಿಪಾಳಿ

ಈ ಕಾಲಕ್ಕೆ ಬನ್ನಿ ಅಂತೀನಿ. 1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಮೇಲೆ ಇದೆಲ್ಲ ಏನಾಯ್ತು? ಅಲ್ಲಿನ ಸಿನಿಮಾದಲ್ಲಿ ಕೊನೆಗೆ ಎಲ್ಲ ಭ್ರಮೆ, ಇಲ್ಲಾ ಔಷಧಿ ಪರಿಣಾಮ, ಇಲ್ಲಾ ಆಸ್ತಿಗಾಗಿ ಯಾರೋ ಮಾಡಿದ ನಾಟಕ ಅಂತ ಮುಗಿಸ್ತಾರೆ. ಪ್ರತಿ ಸಲ ಮೋಸ ಹೋಗಿದ್ದೀನಿ.

ಹಳೇಪುಸ್ತಕ

ಮೂಢನಂಬಿಕೆ ಹರಡಬಾರದು ಅನ್ನೋ ನಿಯಮ ಇದೆ, ಅದಕ್ಕೆ. "ಗಣರಾಜ್ಯ ಸ್ಥಾಪನೆ ಆದಮೇಲೆ ಪ್ರಾಣಿಗಳು ಮಾಯಾರೂಪ ತಾಳುವಂತಿಲ್ಲ" ಅಂತ ಅಲ್ಲಿನವರೇ ಅಂತರ್ಜಾಲದಲ್ಲಿ ಗೇಲಿ ಮಾಡ್ತಾರೆ. ನರಿಗಳಿಗೂ ಸುತ್ತೋಲೆ!

ಮಾವೋ ಕಾಲ ಇನ್ನೂ ವಿಚಿತ್ರ. 1961ರಲ್ಲಿ 'ದೆವ್ವಕ್ಕೆ ಹೆದರದವರ ಕಥೆಗಳು' ಅಂತ ಒಂದು ಸಂಕಲನ ಸರ್ಕಾರದ ಕಡೆಯಿಂದಲೇ ಬಂತು. ಮುನ್ನುಡಿಯನ್ನ ಮಾವೋ ತಾನೇ ತಿದ್ದಿದ. ದೆವ್ವ ಅಂದರೆ ಸಾಮ್ರಾಜ್ಯಶಾಹಿ, ಪ್ರತಿಗಾಮಿ ಅಂತ ಓದಿಕೊಳ್ಳಬೇಕು. ಧಾರವಾಡದ_ಮಳಿ ಹೇಳಿದ ಸೋಂಗ್ ದಿಂಗ್‌ಬೋ ಅದರಲ್ಲಿದ್ದಾನೆ. ದೆವ್ವ ಮಾರಿದ ಹುಡುಗ ರಾಜಕೀಯ ಪಾಠ ಆದ.

ರಂಗದ_ಹಿಂದೆ

ಅದೇ 1961ರಲ್ಲಿ ಮೆಂಗ್ ಛಾವ್ ಬರೆದ 'ಲೀ ಹ್ವೇನಿಯಾಂಗ್' ರಂಗಕ್ಕೆ ಬಂತು. ಮಂತ್ರಿಯೊಬ್ಬ ಕೊಂದ ಉಪಪತ್ನಿ ದೆವ್ವವಾಗಿ ಬಂದು ಅವನನ್ನ ಎದುರಿಸೋ ಕಥೆ. ಮೊದಲು ಹೊಗಳಿದರು. 1963ರಲ್ಲಿ ದೆವ್ವದ ನಾಟಕಗಳಿಗೇ ನಿಷೇಧ ಬಂತು, ಬರೆದವನು ಮುಂದೆ ಕಿರುಕುಳ ಅನುಭವಿಸಿ ಸತ್ತ. ಹೆದರಬಾರದ ದೆವ್ವ ಪುಸ್ತಕದಲ್ಲಿ ಇರಬಹುದು. ಅಧಿಕಾರಿಯ ಎದುರು ನಿಂತು ಪ್ರಶ್ನೆ ಕೇಳೋ ದೆವ್ವ ಇರಬಾರದು. ಹಳೇಪುಸ್ತಕ ಅವರೇ, ನನ್ನ ವಾದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಆಧುನಿಕ ಚೀನಾದ ದೊಡ್ಡ ಲೇಖಕ ಲು ಶುನ್ ಇದನ್ನ ಮುಂಚೆಯೇ ಕಂಡಿದ್ದ. ಸಾಯೋಕೆ ಸ್ವಲ್ಪ ಮುಂಚೆ, 1936ರಲ್ಲಿ, ತನ್ನ ಊರು ಶಾವ್‌ಶಿಂಗ್‌ನ ಆಟಗಳಲ್ಲಿ ಬರೋ ನೇಣು ಹಾಕಿಕೊಂಡ ಹೆಂಗಸಿನ ದೆವ್ವದ ಬಗ್ಗೆ ಒಂದು ಪ್ರಬಂಧ ಬರೆದ. ಕೆಂಪಂಗಿ, ಸುಣ್ಣದ ಹಾಗೆ ಬೆಳ್ಳಗಿನ ಮುಖ. ಸೇಡು ಕೇಳೋ ದೆವ್ವಗಳಲ್ಲೆಲ್ಲ ಅವಳೇ ಚೆಂದ, ಅವಳೇ ಬಲಶಾಲಿ ಅಂತಾನೆ. ಅವನಿಗೆ ಸಿಟ್ಟು ಒಂದೇ: ಅವಳು ಕೂಡ ಕೆಲವು ಸಲ ಸೇಡು ಮರೆತು, ತನ್ನ ಜಾಗಕ್ಕೆ ಇನ್ನೊಬ್ಬ ಬಡಪಾಯಿಯನ್ನ ನೇಣಿಗೆ ಎಳೀತಾಳಲ್ಲ ಅಂತ.

ಸಿಂಗಪುರದಿಂದ

ಈಗಿನದ್ದಕ್ಕೆ ಎರಡು ಮಾತು ಸೇರಿಸ್ತೀನಿ. ಸಿನಿಮಾದಲ್ಲಿ ಬಾಗಿಲು ಮುಚ್ಚಿದರೆ ಅಂತರ್ಜಾಲದಲ್ಲಿ ತೆರೀತು. ಹಾಯ್‌ನಾನ್‌ನಿಂದ ನಡೀತಿದ್ದ ತ್ಯಾನ್ಯಾ ವೇದಿಕೆಯಲ್ಲಿ ದೆವ್ವದ ಕಥೆಗೇ ಒಂದು ವಿಭಾಗ ಇತ್ತು. ಸಮಾಧಿ ದೋಚೋವರ ಕಾದಂಬರಿಗಳ ಅಲೆ 2006ರ ಸುಮಾರಿಗೆ ಇಂಥ ಕಡೆಯಿಂದಲೇ ಎದ್ದದ್ದು. ಎಷ್ಟೋ ಕಥೆಗಳು "ನಮ್ಮ ಹಾಸ್ಟೆಲ್‌ನಲ್ಲಿ ನಡೆದದ್ದು, ಹೆಸರು ಬದಲಿಸಿದ್ದೇನೆ" ಅಂತಲೇ ಶುರುವಾಗ್ತಿದ್ದವು. ಗಾನ್ ಬಾವ್ ಓದಿದ್ದರೆ ಸಂತೋಷಪಡ್ತಿದ್ದ.

ಆಮೇಲೆ 2021ರ ಸುಮಾರಿಗೆ ಬಂದ ನಿಯಮಗಳ ಕಥೆಗಳು. ಕಥೆಯೇ ಇಲ್ಲ, ಮೃಗಾಲಯಕ್ಕೆ ಬರುವವರಿಗೆ ಸೂಚನಾಪಟ್ಟಿ ಅಷ್ಟೇ. ಇಂಥ ಪ್ರಾಣಿ ನಮ್ಮಲ್ಲಿ ಇಲ್ಲ, ಕಂಡರೆ ಕೂಡಲೇ ಹೊರಡಿ. ಸಿಬ್ಬಂದಿಯ ಅಂಗಿ ಬೇರೆ ಬಣ್ಣದ್ದಾಗಿದ್ದರೆ ಮಾತಾಡಿಸಬೇಡಿ. ಮುಂದೆ ಸಿಗೋ ಇನ್ನೊಂದು ಚೀಟಿಯಲ್ಲಿ ಇದಕ್ಕೆ ತದ್ವಿರುದ್ಧ ಸೂಚನೆ. ಯಾವ ಕಚೇರಿಯನ್ನ ನಂಬೋದು ಗೊತ್ತಾಗಲ್ಲ. ಒಂದು ದೆವ್ವವೂ ಕಾಣಿಸದೆ ಹೆದರಿಸ್ತಾರೆ.

ರಾತ್ರಿಪಾಳಿ

ಅದು ನಮ್ಮ ಆಫೀಸಿನ ಹೆಚ್‌ಆರ್ ಮೇಲ್. ಸರಿ, ಸೋತೆ. ಎಲ್ಲಿಂದ ಶುರು ಮಾಡ್ಲಿ?

ಹಳೇಪುಸ್ತಕ

ಪೂ ಸೋಂಗ್‌ಲಿಂಗ್‌ನಿಂದ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗೋದು ಹರ್ಬರ್ಟ್ ಜೈಲ್ಸ್ 1880ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ, 164 ಕಥೆಗಳು. ಆದರೆ ವಿಕ್ಟೋರಿಯಾ ಕಾಲದ ಮಡಿ ಅವನದ್ದು, ಶೃಂಗಾರ ಇದ್ದಲ್ಲೆಲ್ಲ ಕತ್ತರಿ ಹಾಕಿದ್ದಾನೆ. ನಿಮಗೆ ಮ್ಯಾಟ್ರಿಮೋನಿ ಅನ್ನಿಸಿದ್ದರಲ್ಲಿ ಅವನ ಪಾಲೂ ಇರಬಹುದು. ದುಡ್ಡು ಕೊಡೋದಾದರೆ ಜಾನ್ ಮಿನ್‌ಫರ್ಡ್ 2006ರಲ್ಲಿ ತಂದ 104 ಕಥೆಗಳ ಅನುವಾದ ತಗೊಳ್ಳಿ, ಅದರಲ್ಲಿ ಏನೂ ಮುಚ್ಚಿಟ್ಟಿಲ್ಲ. ಯುವಾನ್ ಮೇಯ್ ಆಮೇಲೆ.

ರಂಗದ_ಹಿಂದೆ

ನಾನಾದರೆ ದೋ-ಅ ನಾಟಕದಿಂದ ಶುರು ಮಾಡಿ ಅಂತೀನಿ, ಅದೂ ಗಟ್ಟಿಯಾಗಿ ಓದಿ. ಕಡತದ ದೃಶ್ಯವನ್ನ ಮುಂದಿನ ತಿಂಗಳು ನಮ್ಮ ತಂಡದವರು ಕನ್ನಡದಲ್ಲಿ ಓದೋಕೆ ಪ್ರಯತ್ನ ಮಾಡ್ತಿದ್ದೇವೆ. ಧಾರವಾಡದ_ಮಳಿ ಅವರೇ, ಗುಮಾಸ್ತನ ಪಾತ್ರಕ್ಕೆ ನಿಮ್ಮ ಭಾಷೆ ಬೇಕಿತ್ತು.

ಧಾರವಾಡದ_ಮಳಿ

ಬರ್ತೇನಿ ಅಕ್ಕಾರ. ಆದ್ರ ಗುಮಾಸ್ತ ಬ್ಯಾಡ, ಸೋಂಗ್ ದಿಂಗ್‌ಬೋ ಮಾಡ್ತೇನಿ. ಕುರಿ ನೀವು ಹುಡುಕ್ರಿ.